ನೀರೊಳಗಿನ ಕ್ಯಾಮೆರಾ ಸೆಟ್ ಬದಲಿಸಬೇಕಾ, ಬೇಡ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಕೂತು ಕಡಲೊಳಗೆ ಫೋಟೋ ತೆಗೆಯುವ ಮಾತಾಡಿದರೆ ಜನ ನಗುತ್ತಾರೆ. ನಗಲಿ. ಮಳೆಗಾಲ ಮುಗಿದು ಅಕ್ಟೋಬರ್ ಬಂತು ಅಂದ್ರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟು ಶುರುವಾಗುತ್ತದೆ, ಅದರ ಹಿಂದೆಯೇ ನನ್ನ ಫೋನೂ ಶುರುವಾಗುತ್ತದೆ. ಹಾಸನದಿಂದ ಒಬ್ಬರು, ಮೂಡಿಗೆರೆಯಿಂದ ಇಬ್ಬರು, ಎಲ್ಲರದೂ ಒಂದೇ ಮಾತು: "ಹೊಸ ಕ್ಯಾಮೆರಾ ತಗೊಳ್ಳಲಾ?" ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ನಾಲ್ಕು ವರ್ಷ ಒಲಿಂಪಸ್ ಟಿಜಿ-6 ಅನ್ನುವ ಪುಟ್ಟ ವಾಟರ್‌ಪ್ರೂಫ್ ಕ್ಯಾಮೆರಾ ಹಿಡಿದು ಮುಳುಗಿದವನು, ಆಮೇಲೆ ಸೆಕೆಂಡ್ ಹ್ಯಾಂಡ್ ಸೋನಿ ಎ6400 ಅನ್ನುವ, ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಸೆಟ್‌ಗೆ ಬಂದವನು. ಅಂಗಡಿ ಇಟ್ಟಿಲ್ಲ, ಯಾರಿಗೂ ಏನೂ ಮಾರಬೇಕಾಗಿಲ್ಲ.

ಕ್ಯಾಮೆರಾ ಬದಲಿಸುವ ಮುಂಚೆ ಮೊದಲು ಏನು ನೋಡಬೇಕು?

ವರ್ಷಕ್ಕೆ ಎಷ್ಟು ದಿನ ನೀರಿನಲ್ಲಿರುತ್ತೀರಿ ಅಂತ ಬೆರಳಲ್ಲಿ ಎಣಿಸಿ. ನಮ್ಮ ಕಡೆಯವರಿಗೆ ಇದು ಮುಖ್ಯ. ಕೊಪ್ಪ, ಆಗುಂಬೆ ಇಳಿದು ಕುಂದಾಪುರ, ಭಟ್ಕಳ ದಾಟಿ ಮುರುಡೇಶ್ವರ ಸೇರಬೇಕು, ಹಾಸನದವರಾದರೆ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರಿನ ಮೇಲೆ ಹೋಗಬೇಕು, ಅಲ್ಲಿಂದ ಬೋಟಿನಲ್ಲಿ ಮತ್ತೆ ಸುಮಾರು 19 ಕಿಲೋಮೀಟರ್. ಇಷ್ಟೆಲ್ಲ ಮಾಡಿ ವರ್ಷಕ್ಕೆ ನಾಲ್ಕು ದಿನ ಮುಳುಗುವವರು ಆ ದುಡ್ಡಿನಲ್ಲಿ ಇನ್ನೂ ಎಂಟು ದಿನ ಮುಳುಗಲಿ. ಅದರಿಂದ ಫೋಟೋ ಸುಧಾರಿಸುವಷ್ಟು ಯಾವ ಹೊಸ ಸೆನ್ಸರ್‌ನಿಂದಲೂ ಸುಧಾರಿಸುವುದಿಲ್ಲ. ತೇಲುವ ಹದ ಕೈಗೆ ಸಿಗದೆ ಹವಳದ ಮೇಲೆ ಕಾಲು ಬಡಿಯುತ್ತಾ ಇರುವವರ ಕೈಗೆ ದೊಡ್ಡ ಕ್ಯಾಮೆರಾ ಕೊಟ್ಟರೆ ಹವಳಕ್ಕೂ ಕಷ್ಟ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ ಅನ್ನುವುದನ್ನೂ ಮರೆಯಬೇಡಿ.

ನನ್ನ ಫೋಟೋಗಳೆಲ್ಲ ನೀಲಿ-ಹಸಿರು ಬರುತ್ತವೆ. ಕ್ಯಾಮೆರಾ ಹಳೆಯದಾಯ್ತು ಅಂತಾನಾ ಅಣ್ಣಾ?

ಅಲ್ಲ. ಎಷ್ಟೇ ಲಕ್ಷದ ಕ್ಯಾಮೆರಾ ತಂದರೂ ಹಾಗೇ ಬರುತ್ತದೆ.

ನೀರು ಬೆಳಕನ್ನು ನುಂಗುತ್ತದೆ, ಎಲ್ಲ ಬಣ್ಣವನ್ನೂ ಒಂದೇ ಸಮ ಅಲ್ಲ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ, ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಆಳದಲ್ಲಿ ಬೆರಳು ತರಚಿಕೊಂಡರೆ ರಕ್ತ ಹಸಿರು-ಕಪ್ಪಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಹೆದರಿಯೇ ಹೋಗಿದ್ದೆ. ಇನ್ನೊಂದು ಮಾತು ಬಹಳ ಜನರಿಗೆ ಹೊಳೆಯುವುದಿಲ್ಲ. ಲೆಕ್ಕ ಬರೀ ಆಳದ್ದಲ್ಲ. ಹತ್ತು ಮೀಟರ್ ಆಳದಲ್ಲಿದ್ದು ಎರಡು ಮೀಟರ್ ದೂರದ ಮೀನನ್ನು ತೆಗೆದರೆ ಬೆಳಕು ಮೇಲಿಂದ ಮೀನಿಗೆ ಹತ್ತು, ಮೀನಿನಿಂದ ನಿಮಗೆ ಎರಡು, ಒಟ್ಟು ಹನ್ನೆರಡು ಮೀಟರ್ ನೀರು ಹಾದು ಬಂದಿರುತ್ತದೆ. ಹಾಗಾಗಿ ದುಡ್ಡೇ ಬೇಡದ ಒಂದು ಉಪಾಯ ಇದೆ, ಹತ್ತಿರ ಹೋಗಿ. ಹತ್ತಿರ ಅಂದುಕೊಂಡ ಮೇಲೂ ಇನ್ನೊಂದಿಷ್ಟು ಹತ್ತಿರ ಹೋಗಿ.

ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ತೆಗೆದರೆ ಮನೆಗೆ ಬಂದು ಬಣ್ಣ ಸ್ವಲ್ಪ ಎಳೆದುಕೊಳ್ಳಬಹುದು. ಆದರೆ ಅಲ್ಲಿಗೆ ಬಾರದೇ ಇರುವ ಕೆಂಪನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು? ಆಳದಲ್ಲಿ ಬಣ್ಣ ಬೇಕಾದರೆ ಬೆಳಕನ್ನು ನೀವೇ ಹೊತ್ತುಕೊಂಡು ಹೋಗಬೇಕು.

ಅಂದ್ರೆ ಮೊದಲು ಫ್ಲ್ಯಾಷ್ ತಗೋಬೇಕಾ? ವಿಡಿಯೋ ಲೈಟ್ ಸಾಕಾಗಲ್ವಾ?

ಹೌದು, ಮೊದಲು ಸ್ಟ್ರೋಬ್, ಅಂದರೆ ಕ್ಯಾಮೆರಾದ ಹೊರಗೆ ಕೂರುವ ನೀರೊಳಗಿನ ಫ್ಲ್ಯಾಷ್. ನನ್ನ ಅನುಭವದಲ್ಲಿ ಟಿಜಿ-6ಗೆ ಒಂದು ಸ್ಟ್ರೋಬ್ ಸೇರಿಸಿದ ದಿನ ಆದ ಬದಲಾವಣೆ, ಆಮೇಲೆ ಕ್ಯಾಮೆರಾನೇ ಬದಲಿಸಿದಾಗ ಆಗಲಿಲ್ಲ. ಇದನ್ನು ಕೇಳಿ ತುಂಬಾ ಜನಕ್ಕೆ ಬೇಜಾರಾಗುತ್ತದೆ, ಏನು ಮಾಡುವುದು. ಒಳ್ಳೆಯ ಸ್ಟ್ರೋಬ್ ಮುಂದೆ ಯಾವ ಕ್ಯಾಮೆರಾಗೆ ಹೋದರೂ ಜೊತೆಗೆ ಬರುತ್ತದೆ. ಕ್ಯಾಮೆರಾದ ಪುಟ್ಟ ಫ್ಲ್ಯಾಷ್ ಮಿಂಚಿದ್ದನ್ನು ಆಪ್ಟಿಕಲ್ ಫೈಬರ್ ಕೇಬಲ್ ಒಯ್ದು ಮುಟ್ಟಿಸುತ್ತದೆ, ಸ್ಟ್ರೋಬ್ ಅದನ್ನು ನೋಡಿ ತಾನೂ ಮಿಂಚುತ್ತದೆ, ಅಷ್ಟೇ ಸಂಬಂಧ. ಹೊಸ ಕ್ಯಾಮೆರಾದಲ್ಲಿ ಫ್ಲ್ಯಾಷ್ ಇಲ್ಲದಿದ್ದರೆ ಹೌಸಿಂಗ್ (ಕ್ಯಾಮೆರಾಗೆ ಹಾಕುವ ನೀರು ನುಗ್ಗದ ಕವಚ) ಒಳಗೆ ಸ್ಟ್ರೋಬ್‌ಗೆ ಸೂಚನೆ ಕೊಡುವ ಒಂದು ಟ್ರಿಗರ್ ಕೂರಿಸಬೇಕು.

ವಿಡಿಯೋ ಲೈಟ್ ವಿಡಿಯೋಗೆ ಸರಿ. ಹತ್ತಿರದ ಚಿಕ್ಕ ಜೀವಿಗಳಿಗೂ ಪರವಾಗಿಲ್ಲ. ಓಡುವ ಮೀನಿಗೆ, ಅಗಲ ದೃಶ್ಯಕ್ಕೆ ಅದರ ಬೆಳಕು ಸಾಲುವುದಿಲ್ಲ. ಸ್ಟ್ರೋಬ್‌ಗೂ ಮಿತಿ ಇದೆ. ಅದರ ಬೆಳಕು ಹೋಗುವಾಗಲೂ ನೀರು, ಬರುವಾಗಲೂ ನೀರು. ಒಂದು, ಒಂದೂವರೆ ಮೀಟರ್ ಆಚೆ ಅದರಿಂದ ಬಣ್ಣ ನಿರೀಕ್ಷಿಸಬೇಡಿ.

ಸ್ಟ್ರೋಬ್ ಹಾಕಿದೆ, ಈಗ ಫೋಟೋ ತುಂಬಾ ಬಿಳಿ ಚುಕ್ಕೆ. ಸ್ಟ್ರೋಬ್ ಸರಿ ಇಲ್ವಾ?

ಚಾರ್ಮಾಡಿ ಘಾಟಿಯಲ್ಲಿ ಮಂಜು ಮುಸುಕಿದಾಗ ಹೈ ಬೀಮ್ ಹಾಕಿ ನೋಡಿದ್ದೀರಾ? ಎದುರಿಗೆ ಬಿಳಿ ಗೋಡೆ. ಡಿಮ್ ಮಾಡಿದರೆ, ಇಲ್ಲ ಕೆಳಗಿರುವ ಫಾಗ್ ಲ್ಯಾಂಪ್ ಹಾಕಿದರೆ ರಸ್ತೆ ಕಾಣುತ್ತದೆ. ಇಲ್ಲೂ ಅದೇ ಕಥೆ. ನೀರಿನಲ್ಲಿ ತೇಲುವ ಕಣಗಳಿಗೆ ಬೆಳಕು ನೇರ ಹೊಡೆದು ಲೆನ್ಸಿಗೆ ವಾಪಸ್ ಬರುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಷ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಅದರ ಬೆಳಕು ನೇರ ಬಿದ್ದರೆ ಚುಕ್ಕೆ ಜಾಸ್ತಿ. ಸ್ಟ್ರೋಬನ್ನು ಅದರ ತೋಳಿನ (ಹೌಸಿಂಗಿಗೆ ಸಿಕ್ಕಿಸುವ ಕೋಲಿನ) ಮೇಲೆ ಆಚೆಗೆ ಚಾಚಿ, ಸ್ವಲ್ಪ ಹಿಂದಕ್ಕೆಳೆದು, ಮುಖವನ್ನು ಹೊರಗಡೆ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಬೇಕು, ನಿಮಗೂ ಮೀನಿಗೂ ನಡುವಿನ ನೀರಿಗೆ ತಾಗಬಾರದು. ನೇತ್ರಾಣಿಯಲ್ಲಿ ನೀರು ಒಂದು ದಿನ ಗಾಜಿನ ಹಾಗಿದ್ದರೆ ಮರುದಿನ ಬೂದಿ ಕಲಸಿದ ಹಾಗಿರುತ್ತದೆ. ಬೂದಿ ಇರುವ ದಿನ ಅಗಲ ದೃಶ್ಯದ ಆಸೆ ಬಿಟ್ಟು ಬಂಡೆಗೆ ಅಂಟಿರುವ ಪುಟ್ಟ ಜೀವಿಗಳ ಕಡೆ ತಿರುಗುವುದು ಜಾಣತನ. ಈ ಪ್ರಶ್ನೆಗೆ ಉತ್ತರ ತೋಳಿನ ಒಂದು ಕ್ಲಾಂಪ್, ಹೊಸ ಕ್ಯಾಮೆರಾ ಅಲ್ಲ.

ಟಿಜಿ-6 ಇದೆ. ಟಿಜಿ-7 ತಗೊಳ್ಳಲಾ?

ಬೇಡ. ಟಿಜಿ-6 ಬಂದಿದ್ದು 2019ರಲ್ಲಿ, ಟಿಜಿ-7 ಬಂದಿದ್ದು 2023ರಲ್ಲಿ, ಹೆಸರು ಒಲಿಂಪಸ್‌ನಿಂದ ಓಎಂ ಸಿಸ್ಟಮ್ ಆಯಿತು. 12 ಮೆಗಾಪಿಕ್ಸೆಲ್ ಸೆನ್ಸರ್ ಹಾಗೇ ಇದೆ, ಲೆನ್ಸೂ ಹಾಗೇ ಇದೆ. ಚಾರ್ಜಿಂಗ್ ಪಿನ್ ಟೈಪ್-ಸಿ ಆಗಿದೆ, ಇನ್ನು ಕೆಲವು ಚಿಲ್ಲರೆ ಬದಲಾವಣೆ. ಟಿಜಿ-6 ಕೆಟ್ಟೇ ಹೋಗಿದ್ದರೆ ಮಾತ್ರ ಟಿಜಿ-7 ಒಳ್ಳೆಯ ದಾರಿ, ಯಾಕೆಂದರೆ ಪಿಟಿ-059 ಹೌಸಿಂಗ್ ಎರಡಕ್ಕೂ ಕೂರುತ್ತದೆ. ಹೌಸಿಂಗ್ ಉಳಿಯಿತು ಅಂದ್ರೆ ಅರ್ಧ ದುಡ್ಡು ಉಳಿದ ಹಾಗೆ.

ಹಾಗಾದ್ರೆ ಚಿಕ್ಕ ಕ್ಯಾಮೆರಾ ನಿಜವಾಗಿ ಎಲ್ಲಿ ಕೈಕೊಡುತ್ತದೆ?

ಕೈಕೊಡುವ ಜಾಗಗಳು ಇವೆ, ಇಲ್ಲ ಅನ್ನುವುದಿಲ್ಲ. ಟಿಜಿಯಲ್ಲಿ ಪೂರ್ತಿ ಮ್ಯಾನ್ಯುಯಲ್ ಮೋಡ್ ಇಲ್ಲ. ಶಟರ್ ವೇಗವನ್ನು ನಿಮಗೆ ಬೇಕಾದಲ್ಲಿ ಕಟ್ಟಿಹಾಕಲು ಬರುವುದಿಲ್ಲ. ಮೇಲಿನ ಸೂರ್ಯನ ಕಿರಣ ಗೀರು ಗೀರಾಗಿ ಬೀಳಬೇಕು, ಕೆಳಗೆ ಹವಳಕ್ಕೆ ಸ್ಟ್ರೋಬ್ ಬೆಳಕೂ ಇರಬೇಕು ಅಂದರೆ ಶಟರು, ಅಪರ್ಚರು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎರಡೂ ನಿಮ್ಮ ಹಿಡಿತದಲ್ಲಿರಬೇಕು. ಆಮೇಲೆ ಒಳಗಿನ ಫ್ಲ್ಯಾಷ್ ಮತ್ತೆ ಚಾರ್ಜ್ ಆಗುವವರೆಗೆ ಕಾಯಬೇಕು, ಅಷ್ಟರಲ್ಲಿ ಮೀನು ಬೆನ್ನು ತಿರುಗಿಸಿರುತ್ತದೆ. ಮಬ್ಬು ಬೆಳಕಿನಲ್ಲಿ ಚಿಕ್ಕ ಸೆನ್ಸರ್‌ನ ಚಿತ್ರ ಮರಳು ಮರಳು.

ಮ್ಯಾಕ್ರೋದಲ್ಲಿ (ಪುಟ್ಟ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವುದರಲ್ಲಿ) ಮಾತ್ರ ಟಿಜಿಯನ್ನು ಹಗುರವಾಗಿ ನೋಡಬೇಡಿ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ 1 ಸೆಂಟಿಮೀಟರ್ ದೂರದವರೆಗೆ ಫೋಕಸ್ ಆಗುತ್ತದೆ. ಕಾಫಿ ಬೀಜದಷ್ಟು ದೊಡ್ಡ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಫೋಟೋ ತುಂಬಾ ಕೂತಿರುತ್ತದೆ. ನಿಮ್ಮ ಆಸಕ್ತಿ ಅಲ್ಲೇ ಇದ್ದರೆ ಬದಲಿಸಲೇಬೇಡಿ.

ಮಿರರ್‌ಲೆಸ್‌ಗೆ ಹೋದರೆ ಖರ್ಚು ಎಷ್ಟಾಗುತ್ತದೆ? ಕ್ಯಾಮೆರಾ ರೇಟು ನೋಡಿಟ್ಟಿದ್ದೇನೆ.

ಕ್ಯಾಮೆರಾ ರೇಟು ನೋಡಿದಿರಾ, ಈಗ ಅದನ್ನು ಪಕ್ಕಕ್ಕಿಡಿ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದು ಈ ಹವ್ಯಾಸಕ್ಕೇ ಹೇಳಿದ ಹಾಗಿದೆ. ಅಲ್ಯೂಮಿನಿಯಂ ಹೌಸಿಂಗ್ ಒಳಗಿನ ಕ್ಯಾಮೆರಾಗಿಂತ ದುಬಾರಿ ಆಗುವುದು ಮಾಮೂಲು. ಅದರ ಮೇಲೆ ಪೋರ್ಟು, ಅಂದರೆ ಲೆನ್ಸಿನ ಎದುರಿನ ಗಾಜಿನ ಕಿಟಕಿ. ಲೆನ್ಸ್ ಬದಲಾದರೆ ಪೋರ್ಟೂ ಬದಲಾಗಬಹುದು, ಜೊತೆಗೆ ಜೂಮ್ ತಿರುಗಿಸಲು ಒಂದು ಗಿಯರ್ ಬೇಕು. ತೋಳು, ಕ್ಲಾಂಪು, ತೇಲಿಸುವ ಫ್ಲೋಟು, ಕೇಬಲ್ಲು, ವ್ಯಾಕ್ಯೂಮ್ ಪಂಪು, ಇದನ್ನೆಲ್ಲ ತುಂಬಲು ಪೆಟ್ಟಿಗೆ. ಒಂದೊಂದೂ ಚಿಕ್ಕದು, ಸೇರಿಸಿದರೆ ಒಂದು ಹಳೇ ಬೈಕಿನ ದುಡ್ಡು.

ಇನ್ನೂ ಕೆಟ್ಟ ಸುದ್ದಿ ಅಂದ್ರೆ ಹೌಸಿಂಗ್ ಆಯಾ ಮಾಡೆಲ್‌ಗೇ ಅಳತೆ ಕೊಟ್ಟು ಹೊಲಿಸಿದ ಹಾಗೆ. ಗುಂಡಿ ಎರಡು ಮಿಲಿಮೀಟರ್ ಆಚೀಚೆ ಆದರೂ ಕೂರುವುದಿಲ್ಲ. ಮೂರು ವರ್ಷ ಬಿಟ್ಟು ಹೊಸ ಮಾಡೆಲ್ ಆಸೆ ಬಂತು ಅಂದ್ರೆ ಹೌಸಿಂಗ್ ಕೂಡ ಹೊಸದು. ನೆಲದ ಮೇಲೆ ಫೋಟೋ ತೆಗೆಯುವವರ ಹಾಗೆ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮಾತ್ರ ಬದಲಿಸುವ ಸುಖ ನಮಗಿಲ್ಲ. ಹಾಗಾಗಿ ನಾವು ಕ್ಯಾಮೆರಾ ಆರಿಸುವುದಲ್ಲ. ಮೊದಲು ಏನು ತೆಗೆಯಬೇಕು ಅಂತ ಆರಿಸಿ, ಅದಕ್ಕೆ ಲೆನ್ಸ್, ಲೆನ್ಸಿಗೆ ಪೋರ್ಟ್, ಪೋರ್ಟಿಗೆ ಹೌಸಿಂಗ್. ಆ ಹೌಸಿಂಗಿಗೆ ಯಾವ ಬಾಡಿ ಹೋಗುತ್ತದೋ ಅದು ನಿಮ್ಮ ಕ್ಯಾಮೆರಾ. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ನನ್ನ ಸ್ನೇಹಿತರೊಬ್ಬರು ಬಾಡಿ ಮೊದಲು ತಂದುಬಿಟ್ಟರು, ಅದಕ್ಕೆ ಹೌಸಿಂಗ್ ಮಾಡುವವರೇ ಸಿಗಲಿಲ್ಲ. ಈಗ ಅವರು ತೋಟದಲ್ಲಿ ಹಕ್ಕಿ ಫೋಟೋ ತೆಗೆಯುತ್ತಾರೆ. ಹಕ್ಕಿ ಫೋಟೋ ಚೆನ್ನಾಗಿಯೇ ಬರುತ್ತವೆ.

ಡೋಮ್ ಪೋರ್ಟ್, ಫ್ಲಾಟ್ ಪೋರ್ಟ್ ಅಂದ್ರೇನು? ಯಾವುದು ಬೇಕು?

ಹೊಳೆ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು, ಇಳಿದರೆ ಸೊಂಟಕ್ಕೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಹೀಗೆ ಮೋಸ ಆಗುತ್ತದೆ. ಹೌಸಿಂಗ್ ಒಳಗೂ ಗಾಳಿ ಇದೆ, ಹಾಗಾಗಿ ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಗೆ ವಸ್ತು ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತದೆ. ಮ್ಯಾಕ್ರೋಗೆ ಇದು ಲಾಭ. ಅಗಲ ದೃಶ್ಯಕ್ಕೆ ನಷ್ಟ, ವೈಡ್ ಲೆನ್ಸ್ ತನ್ನ ಅಗಲ ಕಳೆದುಕೊಳ್ಳುತ್ತದೆ. ಗೋಳದ ತುಂಡಿನಂತಿರುವ ಡೋಮ್ ಹಾಕಿದರೆ ಆ ಅಗಲ ವಾಪಸ್ ಬರುತ್ತದೆ. ಆದರೆ ಡೋಮ್ ಎದುರಿನ ದೃಶ್ಯವನ್ನೆಲ್ಲ ಗಾಜಿನ ಹತ್ತಿರದಲ್ಲೇ ಒಂದು ಬಿಂಬವಾಗಿ ನಿಲ್ಲಿಸುತ್ತದೆ, ಲೆನ್ಸ್ ಅಷ್ಟು ಹತ್ತಿರಕ್ಕೆ ಫೋಕಸ್ ಮಾಡುವಂಥದ್ದಾಗಿರಬೇಕು.

ನಾನು ಮಾಡಿಕೊಂಡಿದ್ದು ಮೂರನೇ ದಾರಿ. ಕ್ಯಾಮೆರಾ ಜೊತೆ ಬರುವ 16-50 ಕಿಟ್ ಲೆನ್ಸ್, ಚಪ್ಪಟೆ ಪೋರ್ಟ್, ಅದರ ಮುಂದೆ ನೀರೊಳಗೇ ತೆಗೆದು ಹಾಕಬಹುದಾದ ವೆಟ್ ಲೆನ್ಸ್. ಆಮೆ ಬಂದರೆ ವೈಡ್ ಸಿಕ್ಕಿಸು, ಸೀಗಡಿ ಕಂಡರೆ ಕ್ಲೋಸಪ್ ಸಿಕ್ಕಿಸು. ಕಿಟ್ ಲೆನ್ಸ್ ಅಂತ ಮೂಗು ಮುರಿಯುವವರು ಒಮ್ಮೆ ನೀರಿಗಿಳಿದು ನೋಡಲಿ. ಟಿಜಿ ಇಟ್ಟುಕೊಂಡವರೂ ಹೌಸಿಂಗ್ ಮುಂದೆ ಇಂಥ ವೆಟ್ ಲೆನ್ಸ್ ಹಾಕಿಕೊಳ್ಳಬಹುದು. ಸ್ಟ್ರೋಬ್ ಆದ ಮೇಲೆ ಎರಡನೇ ಖರ್ಚು ಅದಕ್ಕೇ ಇರಲಿ.

ಫುಲ್ ಫ್ರೇಮ್, ಅಂದ್ರೆ ಇನ್ನೂ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾ?

ದೊಡ್ಡ ಪ್ರಿಂಟ್ ಹಾಕಿಸುವವರಿಗೆ, ಫೋಟೋದಿಂದ ದುಡಿಯುವವರಿಗೆ ಸರಿ. ಉಳಿದವರಿಗೆ ಬೇಡ. ಡೋಮ್ ಹಿಂದೆ ಅಂಚುಗಳು ಚೂಪಾಗಿ ಬರಬೇಕಾದರೆ ಫುಲ್ ಫ್ರೇಮಿನಲ್ಲಿ ಅಪರ್ಚರನ್ನು ಇನ್ನಷ್ಟು ಕಿರಿದು ಮಾಡಬೇಕು, ಅದಕ್ಕೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಬೇಕು, ದೊಡ್ಡ ಸೆನ್ಸರ್ ಕೊಟ್ಟ ಲಾಭ ಅಲ್ಲಿಗೆ ಚುಕ್ತಾ. ಡೋಮೂ ದೊಡ್ಡದು, ಬೆನ್ನಿಗೂ ಭಾರ.

ಗೋಪ್ರೋ ಸಾಲಲ್ವಾ?

ವಿಡಿಯೋ ಮಾತ್ರ ಬೇಕಾದರೆ ಧಾರಾಳವಾಗಿ ಸಾಕು. ಹೌಸಿಂಗ್ ಇಲ್ಲದೆ 10 ಮೀಟರ್, ಡೈವ್ ಹೌಸಿಂಗ್ ಹಾಕಿದರೆ 60 ಮೀಟರ್. ಸ್ಟ್ರೋಬ್ ಜೊತೆ ಕೂಡಿಬರುವುದಿಲ್ಲ. ನೀಲಿ ನೀರಿಗೆ ಕೆಂಪು ಫಿಲ್ಟರ್ ಹಾಕಿಕೊಳ್ಳಿ, ಹಸಿರು ನೀರಿಗೆ ಮಜೆಂಟಾ.

ನಮ್ಮ ಹೊಳೆ, ಹಿನ್ನೀರಿನಲ್ಲಿ ತೆಗೆಯಲು ಯಾವ ಸೆಟ್ ಬೇಕು?

ಹೊಳೆಗೆ ಯಾವ ಸೆಟ್ಟೂ ಬೇಡ. ಟಿಜಿ ಹೌಸಿಂಗ್ ಇಲ್ಲದೆಯೇ 15 ಮೀಟರ್‌ವರೆಗೆ ತಡೆಯುತ್ತದೆ, ನಮ್ಮ ಹಳ್ಳಗಳಲ್ಲಿ ಎದೆಮಟ್ಟದ ನೀರಿಗೆ ಅದೇ ಜಾಸ್ತಿ. ಕಲ್ಲು ಸಂದಿಯಲ್ಲಿ ಕೈ ತೂರಿಸಲು ಚಿಕ್ಕ ಕ್ಯಾಮೆರಾನೇ ಅನುಕೂಲ, ಎರಡು ತೋಳು ಚಾಚಿದ ರಾಕ್ಷಸನನ್ನು ಅಲ್ಲಿ ಹೊರಳಿಸುವುದಕ್ಕೂ ಆಗುವುದಿಲ್ಲ. ಮಳೆಗಾಲದಲ್ಲಿ ನೀರು ಹಾಲು ಹಾಕಿದ ಕಾಫಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ತಿಳಿಯಾಗಿರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ. ಶೃಂಗೇರಿಯ ತುಂಗೆಯಲ್ಲಿರುವ ಮೀನುಗಳು ದೇವರ ಮೀನು, ಮೆಟ್ಟಿಲ ಮೇಲೆ ಕೂತು ನೋಡಿ, ನೀರಿಗಿಳಿಯುವ ಯೋಚನೆ ಬೇಡ.

ಹಾಸನದವರು ತಪ್ಪದೆ ಕೇಳುವುದು ಶೆಟ್ಟಿಹಳ್ಳಿ ಚರ್ಚ್. 1860ರಲ್ಲಿ ಕಟ್ಟಿದ್ದು, ಗೊರೂರು ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ. ಒಳಗೆ ಹೋಗಿ ತೆಗೆದರೆ ಹೇಗೆ ಅಂತ. ಕೆಸರು ನೀರು, ಬೀಳುತ್ತಿರುವ ಗೋಡೆ. ಯಾವ ಕ್ಯಾಮೆರಾ ತಂದರೂ ಮುಂದೆ ಚಾಚಿದ ಕೈಯೇ ಕಾಣುವುದಿಲ್ಲ. ದಡದಿಂದ ತೆಗೆಯಿರಿ.

ಒಂದು ಸಣ್ಣ ವಿಷಯ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಕಡಲಲ್ಲಿ ತೇಲದೆ ಮುಳುಗದೆ ನಿಂತ ಹೌಸಿಂಗ್ ಇಲ್ಲಿ ಕೆಳಗೆ ಎಳೆಯುತ್ತದೆ. ಕೈಗೆ ಹಗ್ಗ ಕಟ್ಟಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ತಗೋಬಹುದು, ನಾನೂ ಅದನ್ನೇ ಮಾಡಿದ್ದು. ಹೊಸ ಮಾಡೆಲ್ ಬಂದ ಕೂಡಲೇ ಹಳೆ ಹೌಸಿಂಗ್ ಬೆಲೆ ಬಿದ್ದುಹೋಗುತ್ತದೆ, ಫೋಟೋ ಮಾತ್ರ ಮೊದಲಿನಷ್ಟೇ ಚೆನ್ನಾಗಿ ಬರುತ್ತದೆ. ಬಾಡಿ, ಹೌಸಿಂಗ್ ಒಟ್ಟಿಗೆ ಮಾರುವವರಿಂದ ಕೊಳ್ಳಿ. ಪ್ರತಿ ಗುಂಡಿ ಒತ್ತಿ ನೋಡಿ, ಒತ್ತಿದ್ದು ಮೇಲೆ ಬರಬೇಕು. ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಈಗಲೂ ಸಿಗುತ್ತದಾ ಕೇಳಿ. ಗುಂಡಿಗಳ ಒಳಗಿನ ಪುಟ್ಟ ಓ-ರಿಂಗ್ ಬದಲಿಸಿ ಎಷ್ಟು ವರ್ಷ ಆಯಿತು ಅಂತಲೂ ಕೇಳಿ. ಉತ್ತರ ತಡವರಿಸಿದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮನೆಗೆ ತಂದ ಮೇಲೆ ಕ್ಯಾಮೆರಾ ಹಾಕದೆ ಒಳಗೆ ಟಿಶ್ಯೂ ಪೇಪರ್ ಇಟ್ಟು ಮೊದಲು ಬಕೆಟ್ಟಿನಲ್ಲಿ, ಆಮೇಲೆ ಮೊದಲ ಡೈವ್‌ನಲ್ಲಿ ಖಾಲಿ ಹೌಸಿಂಗ್ ಮುಳುಗಿಸಿ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಬಕೆಟ್ ಪಾಸ್ ಆದದ್ದು ಕಡಲಲ್ಲಿ ಫೇಲ್ ಆಗಬಹುದು.

ನೀರು ಒಳಗೆ ಹೋದರೆ?

ನನಗೆ ಆಗಿದೆ. ಮುರುಡೇಶ್ವರದ ಲಾಡ್ಜಿನಲ್ಲಿ ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಲ್ಲಿ, ಫ್ಯಾನ್ ಕೆಳಗೆ ಕೂತು ಹೌಸಿಂಗ್ ಮುಚ್ಚಿದೆ. ನಮ್ಮನೆ ಬೆಕ್ಕಿನ ಒಂದು ಕೂದಲು ನನ್ನ ಟೀ ಶರ್ಟಿಗೆ ಅಂಟಿಕೊಂಡು ಘಾಟಿ ಇಳಿದು ಬಂದು ಓ-ರಿಂಗ್ ಮೇಲೆ ಕೂತಿದೆ. ಒಂದು ಕೂದಲು ಸಾಕು. ಬೆಳಗ್ಗೆ ಎಂಟು ಮೀಟರ್‌ನಲ್ಲಿ ಗಾಜಿನ ಒಳಗೆ ಹನಿ ಕಾಣಿಸಿತು. ಹೌಸಿಂಗಿನ ಮುಖ ಕೆಳಗೆ ಮಾಡಿ ನಿಧಾನವಾಗಿ ಮೇಲೆ ತಂದೆ. ಟಿಜಿಗೆ ತನ್ನದೇ ವಾಟರ್‌ಪ್ರೂಫ್ ಮೈ ಇದ್ದದ್ದಕ್ಕೆ ಬದುಕಿತು. ಅದರ ಜಾಗದಲ್ಲಿ ಮಿರರ್‌ಲೆಸ್ ಇದ್ದಿದ್ದರೆ ಅಲ್ಲಿಗೆ ಮುಗಿಯಿತು. ದೊಡ್ಡ ಕ್ಯಾಮೆರಾಗೆ ಹೋಗುವಾಗ ಈ ಎರಡನೇ ಕವಚ ಕಳೆದುಕೊಳ್ಳುತ್ತೀರಿ ಅಂತ ಯಾರೂ ಹೇಳುವುದಿಲ್ಲ.

ಅದಕ್ಕೇ ವ್ಯಾಕ್ಯೂಮ್ ಸಿಸ್ಟಮ್ ಇಲ್ಲದೆ ಮಿರರ್‌ಲೆಸ್ ಹೌಸಿಂಗ್ ಕೊಳ್ಳಬೇಡಿ ಅನ್ನುತ್ತೇನೆ. ಪಂಪಿನಿಂದ ಒಳಗಿನ ಗಾಳಿ ಎಳೆದು ಅರ್ಧ ಗಂಟೆ ಬಿಡಿ, ಲೈಟು ಹಸಿರೇ ಇದ್ದರೆ ಸೋರಿಕೆ ಇಲ್ಲ. ಕ್ಯಾಮೆರಾ ಸೆಟ್ ಮಾಡುವುದು ರಾತ್ರಿ ಬೇಡ, ಊಟಕ್ಕೆ ಮುಂಚೆ ಮಾಡಿ ಮುಗಿಸಿ.

ಮಳೆಗಾಲದಲ್ಲಿ ಈ ಸಾಮಾನು ಎಲ್ಲಿಡುವುದು?

ಕಡಲಿಗಿಂತ ನಮ್ಮೂರಿನ ಜುಲೈ ತಿಂಗಳು ಕ್ಯಾಮೆರಾಗೆ ಅಪಾಯ. ಜಿಟಿಜಿಟಿ ಮಳೆಗೆ ಬೆಲ್ಟು, ಚಪ್ಪಲಿ, ಅಟ್ಟದ ಪುಸ್ತಕ ಎಲ್ಲಕ್ಕೂ ಬೂಷ್ಟು ಬರುವಾಗ ಲೆನ್ಸ್ ಬಿಡುತ್ತದಾ? ಫಂಗಸ್ ಒಮ್ಮೆ ಗಾಜಿಗೆ ಬೇರು ಬಿಟ್ಟರೆ ಕೋಟಿಂಗ್ ತಿನ್ನುತ್ತದೆ. ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು, ಕರೆಂಟು ಎರಡು ದಿನ ಹೋಗುವ ಕಡೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದರೆ ಕಾಸಿ ಮತ್ತೆ ಹಾಕಿ. ಹೌಸಿಂಗನ್ನು ಗಟ್ಟಿ ಮುಚ್ಚಿ ಇಡಬೇಡಿ, ಓ-ರಿಂಗ್ ತೆಗೆದು ಒರೆಸಿ ಬೇರೆ ಇಡಿ. ಬ್ಯಾಟರಿ ಹೊರಗೆ ತೆಗೆದಿಡಿ. ಈ ವ್ಯವಸ್ಥೆ ಮನೆಯಲ್ಲಿ ಇಲ್ಲದಿದ್ದರೆ ಅಪ್‌ಗ್ರೇಡ್ ದುಡ್ಡಿನ ಮೊದಲ ಪಾಲು ಇದಕ್ಕೆ.

ಅಂಡಮಾನಿಗೆ ಒಯ್ಯಬಹುದಾ?

ಒಯ್ಯಬಹುದು. ಹೊರಗೆ ತೆಗೆದಿಟ್ಟ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಬಿಡುವುದಿಲ್ಲ. ನನ್ನ ಪೂರ್ತಿ ಸೆಟ್ ತೂಗಿದ ಮೇಲೆ ಬಟ್ಟೆಗೆ ಉಳಿಯುವುದು ಎರಡು ಕಿಲೋ. ಟಿಜಿ ಕಾಲದಲ್ಲಿ ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿಗೂ ಜಾಗ ಇರುತ್ತಿತ್ತು.

ಸರಿ, ಯಾವಾಗ ಬದಲಿಸಬೇಕು ಅಂತ ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಕಳೆದ ಎರಡು ಟ್ರಿಪ್‌ನಲ್ಲಿ ಹಾಳಾದ ಐವತ್ತು ಫೋಟೋ ತೆಗೆದಿಟ್ಟು ಪ್ರತಿಯೊಂದೂ ಯಾಕೆ ಹಾಳಾಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ದೂರದಿಂದ ತೆಗೆದೆ, ಕೈ ಅಲ್ಲಾಡಿತು, ಚುಕ್ಕೆ ಬಿತ್ತು, ಬಾಲ ಮಾತ್ರ ಬಂತು. ನಾನು ಮೊದಲ ಸಲ ಬರೆದಾಗ ನಲವತ್ತಕ್ಕೂ ಹೆಚ್ಚು ತಪ್ಪು ನನ್ನವೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿತ್ತು ನನ್ನ ಕಥೆ. ಎರಡು ವರ್ಷ ಬಿಟ್ಟು ಮತ್ತೆ ಬರೆದಾಗ ಪಟ್ಟಿ ಬದಲಾಗಿತ್ತು: ಫ್ಲ್ಯಾಷ್ ಚಾರ್ಜ್ ಆಗಲಿಲ್ಲ, ಶಟರ್ ಹಿಡಿತಕ್ಕೆ ಸಿಗಲಿಲ್ಲ, ಮಬ್ಬಿನಲ್ಲಿ ಫೋಕಸ್ ಹುಡುಕಾಡಿತು. ಅವತ್ತು ಹೌಸಿಂಗ್ ಹುಡುಕಲು ಶುರು ಮಾಡಿದೆ.

ನಿಮ್ಮ ಹಳೇ ಟಿಜಿ-6 ಮಾರ್ತೀರಾ?

ಇಲ್ಲ. ಅದು ಈಗ ಅಕ್ಕನ ಮಗಳ ಹತ್ತಿರ ಇದೆ. ಬೇಸಿಗೆ ರಜೆಯಲ್ಲಿ ತೋಟದ ಹಿಂದಿನ ಹಳ್ಳದಲ್ಲಿ ಬೋರಲು ಮಲಗಿ ಏಡಿ ಫೋಟೋ ತೆಗೆಯುತ್ತಾಳೆ. ಕಳೆದ ವಾರ "ಮಾವಾ, ದೊಡ್ಡ ಕ್ಯಾಮೆರಾ ಕೊಡ್ತೀಯಾ?" ಅಂತ ಕೇಳಿದಳು. ಐವತ್ತು ಫೋಟೋದ ಹಾಳೆ ಕೊಟ್ಟಿದ್ದೇನೆ.